ಜಾಲಲೋಕದ ಅಳತೆಗೋಲು

ಅಳತೆಯೆಂಬುದು ಮನುಷ್ಯರ ನಡುವಿನ ಒಂದು ಒಪ್ಪಂದ. ಸೇರು, ಕೊಳಗ, ಖಂಡುಗಗಳಿಂದ ಧಾನ್ಯವನ್ನು ಅಳೆಯುತ್ತಿದ್ದ ಕಾಲದಲ್ಲಿ ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯ ಕೊಳಗಕ್ಕೆ ಸರಿಹೊಂದುತ್ತಿರಲಿಲ್ಲ. ಕೊಡುವವನ ಅಳತೆ ಒಂದು, ಕೊಳ್ಳುವವನ ಅಳತೆ ಇನ್ನೊಂದು ಆದಾಗ ನಷ್ಟವಾಗುತ್ತಿದ್ದುದು ಕೊಳಗವನ್ನು ಕೈಯಲ್ಲಿ ಹಿಡಿಯದವನಿಗೆ. 1956ರಲ್ಲಿ ಭಾರತದ ಸಂಸತ್ತು ತೂಕ ಮತ್ತು ಅಳತೆಗಳಿಗೆ ಸಂಬಂಧಿಸಿದ ಶಾಸನವನ್ನು ಮಾಡಿ, ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದಿತು. ಸರ್ಕಾರವೊಂದು ಇದ್ದಲ್ಲಿ ಹೀಗೆ ಶಾಸನ ಮಾಡಬಹುದು. ಆದರೆ ಯಾವ ಸರ್ಕಾರಕ್ಕೂ ಸೇರದ, ಭೂಮಂಡಲವನ್ನೆಲ್ಲ ವ್ಯಾಪಿಸಿರುವ ವಸ್ತುವೊಂದಕ್ಕೆ ಸಮಾನವಾದ ಅಳತೆಯನ್ನು ಗೊತ್ತುಮಾಡುವವರು ಯಾರು? ಗೊತ್ತುಮಾಡಿದರೂ ಅದನ್ನು ಪಾಲಿಸುವಂತೆ ಮಾಡುವವರು ಯಾರು? ವರ್ಲ್ಡ್ ವೈಡ್ ವೆಬ್ ಎಂಬ ವಿಶ್ವವ್ಯಾಪಿ ಜಾಲದ ಇತಿಹಾಸದಲ್ಲಿ ಈ ಪ್ರಶ್ನೆ ಎದುರಾಯಿತು. ಅದಕ್ಕೆ ದೊರೆತ ಉತ್ತರದಲ್ಲಿ ಅಧಿಕಾರಸ್ಥರಿಗಿಂತ ಅಧಿಕಾರವಿಲ್ಲದವರ ಪಾಲು ಹೆಚ್ಚಾಗಿತ್ತು.

ಈ ಜಾಲ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಬಳಿಯಿರುವ ಸರ್ನ್ ಎಂಬ ಪರಮಾಣು ಸಂಶೋಧನ ಕೇಂದ್ರದಲ್ಲಿ. ಅಲ್ಲಿಗೆ ನಾನಾ ದೇಶಗಳ ವಿಜ್ಞಾನಿಗಳು ಬಂದು ಹೋಗುತ್ತಿದ್ದರು. ಅವರ ಗಣಕಯಂತ್ರಗಳು ಬೇರೆ ಬೇರೆ ಬಗೆಯವು. ಒಂದರಲ್ಲಿ ಬರೆದಿಟ್ಟುದನ್ನು ಇನ್ನೊಂದರಲ್ಲಿ ಓದುವುದು ಪ್ರಯಾಸದ ಕೆಲಸವಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಟಿಮ್ ಬರ್ನರ್ಸ್-ಲೀ ಎಂಬ ಇಂಗ್ಲಿಷ್ ತಜ್ಞ 1989ರ ಮಾರ್ಚ್ ತಿಂಗಳಲ್ಲಿ ಇದಕ್ಕೊಂದು ಪರಿಹಾರವನ್ನು ಸೂಚಿಸಿದನು. 1990ರ ಕೊನೆಯ ವೇಳೆಗೆ ಮೊದಲ ಜಾಲಪುಟವೂ, ಅದನ್ನು ಓದಿ ತೋರಿಸುವ ಮೊದಲ ಬ್ರೌಸರೂ ಸಿದ್ಧವಾಗಿದ್ದವು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆ ಈ ತಂತ್ರಾಂಶವನ್ನು ಸಾರ್ವಜನಿಕ ಸ್ವತ್ತೆಂದು ಘೋಷಿಸಿತು. ಯಾರು ಬೇಕಾದರೂ ಶುಲ್ಕವಿಲ್ಲದೆ, ಅಪ್ಪಣೆಯಿಲ್ಲದೆ ಅದನ್ನು ಬಳಸಬಹುದಾಗಿತ್ತು. ಸರ್ನ್ ಅಂದು ಬೇರೊಂದು ನಿರ್ಧಾರ ಕೈಗೊಂಡಿದ್ದರೆ ಇಂದಿನ ಜಾಲ ಇಷ್ಟು ಹಬ್ಬುತ್ತಿತ್ತೇ ಎಂಬುದು ಸಂದೇಹ.

ಜಾಲಪುಟವೆಂಬುದು ಚಿತ್ರವಲ್ಲ, ಅದೊಂದು ಬರಹ. ಪುಟವನ್ನು ರಚಿಸುವವನು ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಬೇರೊಂದು ಪುಟಕ್ಕೆ ಕೊಂಡಿ ಎಂದು ಗುರುತುಗಳನ್ನು ಹಚ್ಚಿ ಬರೆಯುತ್ತಾನೆ. ಈ ಗುರುತುಗಳ ಭಾಷೆಗೆ ಎಚ್‌ಟಿಎಂಎಲ್ ಎಂದು ಹೆಸರು. ಓದುಗನ ಯಂತ್ರದಲ್ಲಿರುವ ಬ್ರೌಸರು ಆ ಗುರುತುಗಳನ್ನು ಅರ್ಥಮಾಡಿಕೊಂಡು, ತೆರೆಯ ಮೇಲೆ ಪುಟವನ್ನು ಮೂಡಿಸುತ್ತದೆ. ಬರೆದವನಿಗೂ ಬ್ರೌಸರನ್ನು ನಿರ್ಮಿಸಿದವನಿಗೂ ಪರಸ್ಪರ ಪರಿಚಯವಿರುವುದಿಲ್ಲ. ಇಬ್ಬರೂ ಒಂದೇ ನಿಯಮಗ್ರಂಥವನ್ನು ಓದಿಕೊಂಡಿದ್ದಾರೆಂಬ ನಂಬಿಕೆಯ ಮೇಲೆಯೇ ಈ ವ್ಯವಹಾರವೆಲ್ಲ ನಿಂತಿದೆ. ಆ ನಿಯಮಗ್ರಂಥವನ್ನೇ ಮಾನಕವೆಂದು ಕರೆಯುತ್ತೇವೆ. ಯಾರು ಬೇಕಾದರೂ ಅದನ್ನು ಓದಬಹುದು, ಯಾರು ಬೇಕಾದರೂ ಅದರಂತೆ ಬ್ರೌಸರನ್ನೋ ಪುಟವನ್ನೋ ನಿರ್ಮಿಸಬಹುದು, ಅದಕ್ಕಾಗಿ ಯಾರಿಗೂ ಕಪ್ಪಕಾಣಿಕೆ ಒಪ್ಪಿಸಬೇಕಾಗಿಲ್ಲ ಎಂದಾದರೆ ಅದು ಮುಕ್ತ ಮಾನಕ.

ಇಂತಹ ನಿಯಮಗಳನ್ನು ರೂಪಿಸಲೆಂದು ಬರ್ನರ್ಸ್-ಲೀ 1994ರ ಅಕ್ಟೋಬರಿನಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ವರ್ಲ್ಡ್ ವೈಡ್ ವೆಬ್ ಒಕ್ಕೂಟವನ್ನು ಸ್ಥಾಪಿಸಿದನು. ಬ್ರೌಸರುಗಳನ್ನು ತಯಾರಿಸುವ ಕಂಪನಿಗಳೂ ಅದರ ಸದಸ್ಯರಾದವು. ಒಕ್ಕೂಟವು ತನ್ನ ನಿಯಮಗಳನ್ನು ಆಜ್ಞೆಯೆಂದಾಗಲಿ ಕಾನೂನೆಂದಾಗಲಿ ಕರೆಯಲಿಲ್ಲ. ಶಿಫಾರಸು ಎಂದಷ್ಟೇ ಕರೆಯಿತು. ಶಿಫಾರಸನ್ನು ಮೀರಿದವರನ್ನು ದಂಡಿಸುವ ಅಧಿಕಾರ ಅದಕ್ಕಿರಲಿಲ್ಲ.

ಮೀರುವುದಕ್ಕೆ ಆಸೆಯೂ ಆತುರವೂ ಸಾಕಷ್ಟಿದ್ದವು. 1994ರ ಕೊನೆಯಲ್ಲಿ ನೆಟ್‌ಸ್ಕೇಪ್ ಕಂಪನಿಯ ನ್ಯಾವಿಗೇಟರ್ ಎಂಬ ಬ್ರೌಸರೂ, 1995ರಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್ ಎಂಬ ಬ್ರೌಸರೂ ಹೊರಬಂದವು. ಮುಂದಿನ ನಾಲ್ಕೈದು ವರ್ಷಗಳ ಕಾಲ ಈ ಎರಡರ ನಡುವೆ ನಡೆದ ಪೈಪೋಟಿಯನ್ನು ಬ್ರೌಸರುಗಳ ಯುದ್ಧವೆಂದೇ ಕರೆಯುವುದು ರೂಢಿ. ಎದುರಾಳಿಯಲ್ಲಿಲ್ಲದ ಹೊಸ ಗುರುತೊಂದನ್ನು ತನ್ನಲ್ಲಿ ಸೇರಿಸಿ ಜನರನ್ನು ಆಕರ್ಷಿಸುವುದು ಇಬ್ಬರ ತಂತ್ರವೂ ಆಗಿತ್ತು. ನೆಟ್‌ಸ್ಕೇಪಿನವರು ಅಕ್ಷರಗಳು ಕಣ್ಣು ಮಿಟುಕಿಸುವಂತೆ ಮಾಡುವ ಗುರುತನ್ನು ತಂದರೆ, ಮೈಕ್ರೋಸಾಫ್ಟಿನವರು ಅಕ್ಷರಗಳು ತೆರೆಯ ಮೇಲೆ ಅಡ್ಡಲಾಗಿ ಓಡುವಂತೆ ಮಾಡುವ ಗುರುತನ್ನು ತಂದರು. ಎರಡೂ ಓದುವವನ ಕಣ್ಣಿಗೆ ಹಿಂಸೆಯೇ. ಆದರೆ ಈ ಪೈಪೋಟಿಯನ್ನು ಕೇವಲ ಕೇಡೆಂದು ಹೇಳುವುದು ನ್ಯಾಯವಲ್ಲ. ಪುಟದೊಳಗೆ ಚಿತ್ರವನ್ನು ಸೇರಿಸುವ ಗುರುತು ಸಹ 1993ರಲ್ಲಿ ಮೊಸಾಯಿಕ್ ಎಂಬ ಬ್ರೌಸರಿನ ನಿರ್ಮಾಪಕರು ಎಲ್ಲರ ಒಮ್ಮತಕ್ಕೆ ಕಾಯದೆ ಸೇರಿಸಿದ್ದೇ ಆಗಿತ್ತು. ಹೊಸದನ್ನು ತರುವುದು ತಪ್ಪಲ್ಲ. ಒಪ್ಪಿಕೊಂಡ ಹಳೆಯದನ್ನು ತಮಗೆ ತೋಚಿದಂತೆ ಅರ್ಥೈಸಿದ್ದು ತೊಂದರೆಯ ಮೂಲ.

ಇದಕ್ಕೊಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಪುಟದ ಬಣ್ಣ, ಅಳತೆ, ಅಕ್ಷರಗಳ ರೂಪ ಮೊದಲಾದ ಅಲಂಕಾರವನ್ನು ಬರಹದಿಂದ ಬೇರ್ಪಡಿಸಿ ಪ್ರತ್ಯೇಕವಾಗಿ ಬರೆಯುವ ಪದ್ಧತಿಯೊಂದನ್ನು 1994ರಲ್ಲಿ ನಾರ್ವೆಯ ಹೋಕನ್ ವಿಯಮ್ ಲೀ ಸೂಚಿಸಿದನು. ಬರ್ಟ್ ಬಾಸ್ ಎಂಬಾತನೊಡನೆ ಸೇರಿ ಅದನ್ನು ಬೆಳೆಸಿದನು. ಸಿಎಸ್‌ಎಸ್ ಎಂಬ ಹೆಸರಿನ ಈ ಪದ್ಧತಿ 1996ರ ಡಿಸೆಂಬರಿನಲ್ಲಿ ಒಕ್ಕೂಟದ ಶಿಫಾರಸಾಯಿತು. ಅದರ ಪ್ರಕಾರ ಪುಟದ ಪ್ರತಿಯೊಂದು ಭಾಗವೂ ಒಂದು ಪೆಟ್ಟಿಗೆ. ಪೆಟ್ಟಿಗೆಯ ಅಗಲ 300 ಎಂದು ಬರೆದರೆ ಒಳಗಿನ ಬರಹಕ್ಕೆ 300 ಅಂಶಗಳ ಸ್ಥಳ ಸಿಗಬೇಕು. ಸುತ್ತ ಬಿಡುವ ಖಾಲಿ ಜಾಗವನ್ನೂ ಅಂಚುಗೆರೆಯನ್ನೂ ಅದರ ಹೊರಗೆ ಕೂಡಿಸಬೇಕು. ಎಡಬಲಗಳಲ್ಲಿ ಖಾಲಿ ಜಾಗ 20ರಂತೆ, ಗೆರೆ 5ರಂತೆ ಇದ್ದರೆ ಒಟ್ಟು ಅಗಲ 350 ಆಗುತ್ತದೆ. ಆದರೆ ವಿಂಡೋಸ್ ಗಣಕಗಳಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರಿನ 5ನೆಯ ಆವೃತ್ತಿ ಈ ಎಲ್ಲವನ್ನೂ 300ರ ಒಳಗೇ ಅಡಗಿಸುತ್ತಿತ್ತು. ಆಗ ಬರಹಕ್ಕೆ ಉಳಿಯುತ್ತಿದ್ದುದು 250 ಮಾತ್ರ. ಕಿಟಕಿಯ ಅಳತೆಯನ್ನು ಚೌಕಟ್ಟು ಸೇರಿಸಿ ಹೇಳಿದ್ದೋ ಬಿಟ್ಟು ಹೇಳಿದ್ದೋ ಎಂದು ತಿಳಿಯದೆ ಬಡಗಿಯೂ ಗಾರೆಯವನೂ ಬೇರೆ ಬೇರೆಯಾಗಿ ಕೆಲಸ ಮಾಡಿದರೆ ಏನಾಗುವುದೋ ಅದೇ ಇಲ್ಲಿಯೂ ಆಯಿತು. ಒಂದು ಬ್ರೌಸರಿನಲ್ಲಿ ಅಚ್ಚುಕಟ್ಟಾಗಿ ಕಂಡ ಪುಟ ಇನ್ನೊಂದರಲ್ಲಿ ಚೆಲ್ಲಾಪಿಲ್ಲಿಯಾಗುತ್ತಿತ್ತು. ತಮಾಷೆಯ ಸಂಗತಿಯೆಂದರೆ ಮೈಕ್ರೋಸಾಫ್ಟಿನ ಆ ಲೆಕ್ಕ ಬಳಕೆಗೆ ಸುಲಭವೆಂದು ಅನೇಕರಿಗೆ ತೋರಿತು. ಮುಂದೆ ರಚನೆಗಾರನೇ ಎರಡು ಲೆಕ್ಕಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳುವ ಅವಕಾಶವನ್ನು ಮಾನಕವೇ ಕಲ್ಪಿಸಿತು. ಅಂದರೆ ಯಾವ ಲೆಕ್ಕ ಮೇಲು ಎಂಬುದಕ್ಕಿಂತ ಎಲ್ಲರೂ ಒಂದೇ ಲೆಕ್ಕವನ್ನು ಹಿಡಿದಿದ್ದಾರೆಯೇ ಎಂಬುದು ಮುಖ್ಯವಾಗಿತ್ತು.

ಹೀಗಾಗಿ ಜಾಲಪುಟಗಳನ್ನು ರಚಿಸುವವರು ಒಂದೇ ಪುಟವನ್ನು ಎರಡು ಮೂರು ಬಗೆಯಾಗಿ ಬರೆಯಬೇಕಾಯಿತು. ಅಷ್ಟು ಹಣವೂ ವ್ಯವಧಾನವೂ ಇಲ್ಲದವರು ಒಂದೇ ಬ್ರೌಸರಿಗೆ ಒಗ್ಗುವಂತೆ ಬರೆದು, ಈ ತಾಣವನ್ನು ಇಂತಹ ಬ್ರೌಸರಿನಲ್ಲಿಯೇ ನೋಡುವುದು ಉತ್ತಮ ಎಂಬ ಫಲಕವನ್ನು ಬಾಗಿಲಲ್ಲಿ ತೂಗುಹಾಕಿದರು. ಎಲ್ಲ ಯಂತ್ರಗಳಲ್ಲಿಯೂ ಓದಬೇಕೆಂದು ಹುಟ್ಟಿದ ಜಾಲದಲ್ಲಿ ಇಂತಹ ಫಲಕ ಕಾಣಿಸಿಕೊಂಡದ್ದು ಒಂದು ವಿಪರ್ಯಾಸ. ಇದರ ಹೊರೆ ಹೆಚ್ಚಾಗಿ ಬಿದ್ದುದು ದೃಷ್ಟಿಹೀನರ ಮೇಲೆ. ಅವರು ಪುಟವನ್ನು ಧ್ವನಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಓದುತ್ತಾರೆ. ಶೀರ್ಷಿಕೆಗೆ ಶೀರ್ಷಿಕೆಯ ಗುರುತನ್ನು ಹಚ್ಚಿದ್ದರೆ ಆ ತಂತ್ರಾಂಶ ಅದನ್ನು ಶೀರ್ಷಿಕೆಯೆಂದೇ ತಿಳಿಸುತ್ತದೆ. ಆದರೆ ಅಂದಿನ ರಚನೆಗಾರರು ಕಣ್ಣಿನ ಅಂದಕ್ಕಾಗಿ ಇಡೀ ಪುಟವನ್ನು ಕೋಷ್ಟಕದೊಳಗೆ ಕೋಷ್ಟಕವನ್ನಿಟ್ಟು ಕಟ್ಟುತ್ತಿದ್ದರು. ಅಂತಹ ಪುಟದಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬುದೇ ಕೇಳುವವನಿಗೆ ತಿಳಿಯುತ್ತಿರಲಿಲ್ಲ.

1998ರಲ್ಲಿ ಈ ಪರಿಸ್ಥಿತಿಯಿಂದ ಬೇಸತ್ತ ಕೆಲವು ಜಾಲಪುಟ ರಚನೆಗಾರರು ಅಮೆರಿಕದಲ್ಲಿ ಒಂದು ಕೂಟವನ್ನು ಕಟ್ಟಿದರು. ಜಾರ್ಜ್ ಓಲ್ಸನ್, ಗ್ಲೆನ್ ಡೇವಿಸ್, ಜೆಫ್ರಿ ಜೆಲ್ಡ್‌ಮನ್ ಮೊದಲಾದವರು ಅದರ ಸ್ಥಾಪಕರು. ಅದಕ್ಕೆ ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್, ಎಂದರೆ ಜಾಲ ಮಾನಕಗಳ ಯೋಜನೆ, ಎಂಬ ಹೆಸರನ್ನಿಟ್ಟರು. ಅವರು ಹೊಸ ನಿಯಮಗಳನ್ನು ಕೇಳಲಿಲ್ಲ. ಬ್ರೌಸರು ನಿರ್ಮಾಪಕರೇ ಒಕ್ಕೂಟದಲ್ಲಿ ಕುಳಿತು ಒಪ್ಪಿದ ನಿಯಮಗಳನ್ನು ಪಾಲಿಸಬೇಕೆಂದಷ್ಟೇ ಕೇಳಿದರು. ಬ್ರೌಸರುಗಳ ಭಿನ್ನತೆಯಿಂದಾಗಿ ಪ್ರತಿಯೊಂದು ತಾಣವನ್ನು ಕಟ್ಟುವ ವೆಚ್ಚ ಕಡಿಮೆಯೆಂದರೂ ಶೇಕಡ 25ರಷ್ಟು ಹೆಚ್ಚುತ್ತಿದೆಯೆಂಬುದು ಅವರ ವಾದವಾಗಿತ್ತು. ಅವರಲ್ಲಿ ಏಳು ಮಂದಿಯ ಒಂದು ಸಮಿತಿ ಬ್ರೌಸರುಗಳು ಸಿಎಸ್‌ಎಸ್‌ನಲ್ಲಿ ಎಡವುತ್ತಿದ್ದ ಸ್ಥಳಗಳನ್ನು ಪಟ್ಟಿ ಮಾಡಿ ಪ್ರಕಟಿಸಿತು. ಬರಿಯ ದೂರಿಗಿಂತ ನಿರ್ದಿಷ್ಟವಾದ ಪಟ್ಟಿಗೆ ಬೆಲೆ ಹೆಚ್ಚು. ಕಂಪನಿಗಳೊಳಗೆ ಇದ್ದ ಎಂಜಿನಿಯರುಗಳಿಗೆ ತಮ್ಮ ಮೇಲಧಿಕಾರಿಗಳ ಮುಂದಿಡಲು ಅಂತಹದೊಂದು ಆಧಾರ ಬೇಕಾಗಿತ್ತು. ಅವರಲ್ಲಿ ಹಲವರು ಮಾನಕಗಳ ಪರವಾಗಿಯೇ ಇದ್ದರೆಂಬುದನ್ನು ಮರೆಯಬಾರದು. 2000ದ ಮಾರ್ಚ್ ತಿಂಗಳಲ್ಲಿ ಮ್ಯಾಕಿಂಟಾಷ್ ಗಣಕಗಳಿಗಾಗಿ ಮೈಕ್ರೋಸಾಫ್ಟೇ ಹೊರತಂದ ಬ್ರೌಸರು, ಟಾಂಟೆಕ್ ಚೆಲಿಕ್ ಎಂಬ ಎಂಜಿನಿಯರನ ತಂಡದ ಶ್ರಮದಿಂದಾಗಿ, ಅಂದಿನ ಕಾಲಕ್ಕೆ ಮಾನಕಗಳನ್ನು ಬಹು ಚೆನ್ನಾಗಿ ಪಾಲಿಸುತ್ತಿತ್ತು.

ಹಳೆಯ ನಿಯಮಭಂಗಗಳನ್ನೇ ನಂಬಿ ಬರೆದಿದ್ದ ಅಸಂಖ್ಯ ಪುಟಗಳ ಗತಿಯೇನು ಎಂಬ ಪ್ರಶ್ನೆಗೂ ಆ ಬ್ರೌಸರಿನಲ್ಲಿ ಒಂದು ಉಪಾಯವಿತ್ತು. ತಾನು ಯಾವ ನಿಯಮದಂತೆ ಬರೆಯಲ್ಪಟ್ಟಿದ್ದೇನೆಂದು ಪುಟವು ತನ್ನ ಮೊದಲ ಸಾಲಿನಲ್ಲಿ ಸರಿಯಾಗಿ ಘೋಷಿಸಿಕೊಂಡಿದ್ದರೆ ಬ್ರೌಸರು ಮಾನಕದಂತೆ ನಡೆಯುತ್ತಿತ್ತು. ಇಲ್ಲವಾದರೆ ಹಳೆಯ ಚಾಳಿಯನ್ನೇ ಅನುಸರಿಸುತ್ತಿತ್ತು. ಈ ಕ್ರಮವನ್ನು ಉಳಿದ ಬ್ರೌಸರುಗಳೂ ಸ್ವೀಕರಿಸಿದವು. ಇಂದಿಗೂ ಅದು ಬಳಕೆಯಲ್ಲಿದೆ.

ಯೋಜನೆಯವರು ತಮ್ಮದೇ ವೃತ್ತಿಯ ಜನರನ್ನೂ ಒಲಿಸಬೇಕಾಗಿತ್ತು. ಬ್ರೌಸರು ಸರಿಯಾದರೂ ಬರೆಯುವವರು ಹಳೆಯ ಕೋಷ್ಟಕಗಳನ್ನು ಬಿಡದಿದ್ದರೆ ಫಲವೇನು? ಅದಕ್ಕಾಗಿ 2001ರಿಂದ ಅವರು ಪುಟಗಳನ್ನು ರಚಿಸುವ ಡ್ರೀಮ್‌ವೀವರ್ ಎಂಬ ಉಪಕರಣದ ತಯಾರಕರೊಡನೆ ಕೂಡಿ ಕೆಲಸ ಮಾಡಿದರು. ಆದರೆ ಮನಸ್ಸುಗಳನ್ನು ಗೆದ್ದದ್ದು ಉಪದೇಶಕ್ಕಿಂತ ಉದಾಹರಣೆ. 2003ರಲ್ಲಿ ಕೆನಡಾದ ಡೇವ್ ಶೀ ಎಂಬಾತ ಸಿಎಸ್‌ಎಸ್ ಝೆನ್ ಗಾರ್ಡನ್ ಎಂಬ ತಾಣವನ್ನು ತೆರೆದನು. ಅದರಲ್ಲಿದ್ದ ಬರಹ ಒಂದೇ. ಒಂದು ಗುರುತನ್ನೂ ಬದಲಿಸದೆ ಅಲಂಕಾರದ ಕಡತವನ್ನು ಮಾತ್ರ ಬದಲಿಸಿ ಕಳುಹಿಸಿರೆಂದು ಅವನು ಎಲ್ಲರನ್ನೂ ಆಹ್ವಾನಿಸಿದನು. ನಾನಾ ದೇಶಗಳ ಕಲಾವಿದರು ಕಳುಹಿಸಿದ ಅಲಂಕಾರಗಳನ್ನು ಒಂದೊಂದಾಗಿ ತೊಡಿಸಿದಾಗ, ಒಬ್ಬನೇ ನಟ ಒಂದೇ ರಾತ್ರಿ ಹಲವು ವೇಷಗಳಲ್ಲಿ ರಂಗಕ್ಕೆ ಬಂದಂತೆ, ಅದೇ ಪುಟ ಗುರುತು ಸಿಗದಷ್ಟು ಬೇರೆಯಾಗಿ ಕಾಣುತ್ತಿತ್ತು. ಮಾನಕವನ್ನು ಪಾಲಿಸಿದರೆ ಪುಟ ನೀರಸವಾಗುವುದೆಂದು ವಾದಿಸುತ್ತಿದ್ದವರು ಅಲ್ಲಿಗೆ ಸುಮ್ಮನಾದರು.

ಅಷ್ಟರಲ್ಲಿ ಯುದ್ಧದ ಸ್ವರೂಪವೇ ಬದಲಾಗಿತ್ತು. ನೆಟ್‌ಸ್ಕೇಪ್ ಸೋತಿತ್ತು. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿ ಜಗತ್ತಿನ ನೂರಕ್ಕೆ ತೊಂಬತ್ತರಷ್ಟು ಓದುಗರ ಬ್ರೌಸರಾಯಿತು. ಎದುರಾಳಿಯಿಲ್ಲದ ಮೇಲೆ ಸುಧಾರಣೆಯ ಅವಸರವಾದರೂ ಏಕೆ? ಅದರ ಮುಂದಿನ ಆವೃತ್ತಿ ಬಂದದ್ದು ಐದು ವರ್ಷಗಳ ಅನಂತರ, 2006ರ ಅಕ್ಟೋಬರಿನಲ್ಲಿ. ಈ ನಡುವೆ ನೆಟ್‌ಸ್ಕೇಪ್ 1998ರಲ್ಲಿ ಬಹಿರಂಗಪಡಿಸಿದ್ದ ತನ್ನ ಮೂಲ ಸಂಕೇತಗಳ ವಂಶದಿಂದ ಹುಟ್ಟಿದ ಫೈರ್‌ಫಾಕ್ಸ್ 2004ರ ನವೆಂಬರಿನಲ್ಲಿ ಹೊರಬಂದು ಓದುಗರಿಗೆ ಮತ್ತೊಂದು ಆಯ್ಕೆಯನ್ನು ಒದಗಿಸಿತು.

ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಆಮ್ಲವನ್ನು ಹಾಕಿ ಅದರ ಶುದ್ಧಿಯನ್ನು ತಿಳಿಯುತ್ತಾನೆ. ಇದನ್ನು ನೆನಪಿಗೆ ತರುವ ಆಸಿಡ್ ಎಂಬ ಹೆಸರಿನ ಪರೀಕ್ಷೆಯೊಂದು 1998ರಲ್ಲಿಯೇ ಬ್ರೌಸರುಗಳಿಗಾಗಿ ಸಿದ್ಧವಾಗಿತ್ತು. 2005ರ ಏಪ್ರಿಲಿನಲ್ಲಿ ಯೋಜನೆಯವರು ಅದರ ಎರಡನೆಯ ರೂಪವನ್ನು ಪ್ರಕಟಿಸಿದರು. ಅದೊಂದು ಜಾಲಪುಟ. ಬ್ರೌಸರು ಮಾನಕಗಳನ್ನು ಸರಿಯಾಗಿ ಪಾಲಿಸಿದರೆ ತೆರೆಯ ಮೇಲೆ ನಗುಮುಖವೊಂದು ಮೂಡುತ್ತಿತ್ತು. ತಪ್ಪಿದರೆ ಮುಖ ಒಡೆದು ಚೂರಾಗುತ್ತಿತ್ತು. ಪ್ರಕಟವಾದ ದಿನ ಯಾವ ಪ್ರಮುಖ ಬ್ರೌಸರಿಗೂ ಆ ಮುಖವನ್ನು ಬರೆಯಲು ಬರಲಿಲ್ಲ. ಆಪಲ್ ಕಂಪನಿಯ ಎಂಜಿನಿಯರ್ ಡೇವ್ ಹೈಯಟ್ ಎರಡು ವಾರಗಳಲ್ಲಿ ತನ್ನ ಸಫಾರಿ ಬ್ರೌಸರಿನ ದೋಷಗಳನ್ನು ಒಂದೊಂದಾಗಿ ತಿದ್ದಿ ಮೊದಲ ಜಯ ಪಡೆದನು. ಆಮೇಲೆ ಆಪೆರಾ, ಅನಂತರ ಫೈರ್‌ಫಾಕ್ಸ್ ಬಂದವು. ನಿಯಮಗ್ರಂಥದ ನೂರಾರು ಪುಟಗಳನ್ನು ಓದುವ ತಾಳ್ಮೆ ಸಾಮಾನ್ಯ ಓದುಗನಿಗೆ ಇರುವುದಿಲ್ಲ. ಮುರಿದ ಮುಖವನ್ನು ಕಂಡರೆ ಯಾರಿಗೆ ಬೇಕಾದರೂ ಅರ್ಥವಾಗುತ್ತದೆ. ಈ ಪರೀಕ್ಷೆಯ ಬಲವಿದ್ದುದು ಅಲ್ಲಿಯೇ.

ಮೈಕ್ರೋಸಾಫ್ಟ್ ತನ್ನ 8ನೆಯ ಆವೃತ್ತಿಯನ್ನು ಸಿದ್ಧಪಡಿಸುತ್ತಿದ್ದಾಗ, ರಚನೆಗಾರನು ಪುಟದಲ್ಲಿ ವಿಶೇಷ ಸೂಚನೆಯೊಂದನ್ನು ಬರೆದರೆ ಮಾತ್ರ ಬ್ರೌಸರು ಹೊಸ ಮಾನಕಗಳಂತೆ ನಡೆಯುವುದೆಂದು 2008ರ ಜನವರಿಯಲ್ಲಿ ಹೇಳಿತು. ಯೋಜನೆಯ ಸದಸ್ಯರಲ್ಲಿಯೇ ಇದರ ಬಗೆಗೆ ಒಮ್ಮತವಿರಲಿಲ್ಲ. ಕೆಲವರು ಇದನ್ನು ವಿವೇಕದ ದಾರಿಯೆಂದರು. ಮಾನಕವನ್ನು ಪಾಲಿಸಲು ಅಪ್ಪಣೆ ಕೇಳುವುದೇ ಎಂದು ಇತರರು ಸಿಡಿದರು. ಮಾರ್ಚ್ ತಿಂಗಳ ಆರಂಭದಲ್ಲಿ ಕಂಪನಿ ತನ್ನ ನಿಲುವನ್ನು ಬದಲಿಸಿ, ಮಾನಕದ ಪಾಲನೆಯೇ ಸಹಜ ಸ್ಥಿತಿಯಾಗಿರುವುದೆಂದು ಘೋಷಿಸಿತು. 2009ರಲ್ಲಿ ಬಿಡುಗಡೆಯಾದ ಆ ಆವೃತ್ತಿಯಲ್ಲಿ ನಗುಮುಖ ಸರಿಯಾಗಿ ಮೂಡಿತು.

ಇದೆಲ್ಲ ಎಲ್ಲೋ ದೂರದೇಶದ ವಿವಾದವೆಂದು ಭಾವಿಸಬೇಕಾಗಿಲ್ಲ. ಕನ್ನಡದ ಮೊದಲ ಜಾಲತಾಣಗಳು ಇದರ ಪೆಟ್ಟನ್ನು ನೇರವಾಗಿ ಅನುಭವಿಸಿದವು. ಆ ಕಾಲದ ಕನ್ನಡ ಅಕ್ಷರಶೈಲಿಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳನ್ನು ಕೂರಿಸಿರುತ್ತಿದ್ದರು. ಯಾವ ಸ್ಥಾನದಲ್ಲಿ ಯಾವ ಭಾಗವೆಂಬುದು ತಯಾರಕರಿಂದ ತಯಾರಕರಿಗೆ ಬೇರೆಯಾಗಿತ್ತು. ಒಂದು ತಾಣವನ್ನು ಓದಲು ಆ ತಾಣದ ಅಕ್ಷರಶೈಲಿಯನ್ನೇ ತಮ್ಮ ಯಂತ್ರಕ್ಕೆ ಇಳಿಸಿಕೊಳ್ಳಬೇಕು. ಇಲ್ಲವಾದರೆ ತೆರೆಯ ಮೇಲೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹೊರದೇಶದಲ್ಲಿದ್ದು ತಮ್ಮ ಊರಿನ ಸುದ್ದಿಯನ್ನು ಓದಬಯಸಿದ ಕನ್ನಡಿಗರಿಗೆ ಇದು ನಿತ್ಯದ ಪಾಡಾಗಿತ್ತು. ಅಕ್ಷರಶೈಲಿಯನ್ನು ಪುಟದ ಜೊತೆಗೇ ಕಳುಹಿಸುವ ಉಪಾಯವೇನೋ ಬಂದಿತು. ಆದರೆ ಅದಕ್ಕೆ ಮೈಕ್ರೋಸಾಫ್ಟಿನ ಬ್ರೌಸರಿಗೆ ಒಂದು ರೂಪ ಬೇಕಾದರೆ ನೆಟ್‌ಸ್ಕೇಪಿಗೆ ಬೇರೊಂದು ರೂಪ ಬೇಕಾಗಿತ್ತು. ಓದಲು ಸಾಧ್ಯವಾದರೂ ಆ ಬರಹದಲ್ಲಿ ಒಂದು ಪದವನ್ನು ಹುಡುಕುವುದು ಸಾಧ್ಯವಿರಲಿಲ್ಲ. ಯಂತ್ರದ ದೃಷ್ಟಿಯಲ್ಲಿ ಅಲ್ಲಿ ಕನ್ನಡವೇ ಇರಲಿಲ್ಲ.

ಈ ಕಷ್ಟವನ್ನು ನೀಗಿದ್ದೂ ಮುಕ್ತ ಮಾನಕಗಳೇ. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ನಿಗದಿಮಾಡುವ ಯೂನಿಕೋಡ್ ತನ್ನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತ್ತು. 1997ರ ಡಿಸೆಂಬರಿನಲ್ಲಿ ಶಿಫಾರಸಾದ ಎಚ್‌ಟಿಎಂಎಲ್‌ನ 4ನೆಯ ಆವೃತ್ತಿ ಅದೇ ಅಕ್ಷರಗಣವನ್ನು ಜಾಲಪುಟಗಳಿಗೆ ಆಧಾರವಾಗಿ ಅಂಗೀಕರಿಸಿತು. ಕಾಗದದ ಮೇಲಿನ ನಿಯಮ ಗಣಕಯಂತ್ರಗಳಿಗೆ ಇಳಿದು ಬರಲು ಕಾಲ ಹಿಡಿಯಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಅಕ್ಷರಶೈಲಿ ಸೇರಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಯೂನಿಕೋಡಿನಲ್ಲಿಯೇ ಬೆಳೆಯಿತು. ಅಕ್ಷರಶೈಲಿಯನ್ನು ಪುಟದೊಡನೆ ಕಳುಹಿಸಲು ಎಲ್ಲ ಬ್ರೌಸರುಗಳೂ ಒಪ್ಪುವ ವೋಫ್ ಎಂಬ ರೂಪವು 2012ರ ಡಿಸೆಂಬರಿನಲ್ಲಿ ಒಕ್ಕೂಟದ ಶಿಫಾರಸಾಯಿತು. ಇಂದು ಕನ್ನಡ ಪುಟವನ್ನು ತೆರೆಯುವ ವಿದ್ಯಾರ್ಥಿಗೆ ಈ ಮೂರು ಮಾನಕಗಳ ಹೆಸರೂ ತಿಳಿದಿರಬೇಕಾದ ಅಗತ್ಯವಿಲ್ಲ.

2013ರ ಮಾರ್ಚ್ 1ರಂದು ಯೋಜನೆಯವರು ತಮ್ಮ ಕೆಲಸ ಮುಗಿಯಿತೆಂದು ಸಾರಿ ಕೂಟವನ್ನು ವಿಸರ್ಜಿಸಿದರು. ಗುರಿ ಮುಟ್ಟಿದ ಮೇಲೆ ಹೀಗೆ ತಾವಾಗಿಯೇ ಬಾಗಿಲು ಮುಚ್ಚುವ ಸಂಘಗಳು ವಿರಳ. ಆದರೆ ಕೆಲಸ ನಿಜವಾಗಿ ಮುಗಿದಿತ್ತೇ ಎಂಬುದು ಬೇರೆ ಮಾತು. ಅದೇ 2013ರಲ್ಲಿ ಆಪೆರಾ ಕಂಪನಿ ತನ್ನ ಬ್ರೌಸರಿನ ಸ್ವಂತ ಯಂತ್ರಾಂಗವನ್ನು ಕೈಬಿಟ್ಟು, ಗೂಗಲ್ ಕಂಪನಿ ಕ್ರೋಮ್ ಬ್ರೌಸರಿಗಾಗಿ ಬೆಳೆಸುತ್ತಿದ್ದ ಯಂತ್ರಾಂಗವನ್ನು ಅಳವಡಿಸಿಕೊಂಡಿತು. 2020ರಲ್ಲಿ ಮೈಕ್ರೋಸಾಫ್ಟೂ ತನ್ನ ಎಡ್ಜ್ ಬ್ರೌಸರಿನಲ್ಲಿ ಅದನ್ನೇ ಮಾಡಿತು. 2022ರ ಜೂನ್ 15ರಂದು ಇಂಟರ್ನೆಟ್ ಎಕ್ಸ್‌ಪ್ಲೋರರಿನ ಕಾಲ ಮುಗಿಯಿತು. ಈಗ ವ್ಯಾಪಕ ಬಳಕೆಯಲ್ಲಿ ಉಳಿದಿರುವ ಯಂತ್ರಾಂಗಗಳು ಮೂರೇ: ಗೂಗಲಿನದು, ಆಪಲಿನದು ಮತ್ತು ಫೈರ್‌ಫಾಕ್ಸಿನದು. ಅವುಗಳಲ್ಲಿ ಮೊದಲನೆಯದೇ ಅತಿ ಹೆಚ್ಚು ಓದುಗರ ಕೈಯಲ್ಲಿದೆ. ಒಂದೇ ಯಂತ್ರಾಂಗ ಎಲ್ಲೆಡೆಯೂ ಇದ್ದರೆ ಭಿನ್ನತೆಯ ತೊಂದರೆಯೇ ಇಲ್ಲವಲ್ಲ ಎಂದು ಕೇಳಬಹುದು. ಆಗ ನಿಯಮಗ್ರಂಥವನ್ನು ನೋಡುವವರು ಯಾರೂ ಇರುವುದಿಲ್ಲ. ಆ ಯಂತ್ರಾಂಗ ಮಾಡಿದ್ದೇ ನಿಯಮವಾಗುತ್ತದೆ, ಅದರ ತಪ್ಪುಗಳೂ ಸೇರಿದಂತೆ. ಇಂಟರ್ನೆಟ್ ಎಕ್ಸ್‌ಪ್ಲೋರರಿನ 6ನೆಯ ಆವೃತ್ತಿಯ ಕಾಲದಲ್ಲಿ ಆದದ್ದೂ ಅದೇ.

ಆಸಿಡ್ ಪರೀಕ್ಷೆಗಳ ಜಾಗದಲ್ಲಿ ಈಗ ಲಕ್ಷಾಂತರ ಸಣ್ಣ ಪರೀಕ್ಷೆಗಳ ಒಂದು ಸಾರ್ವಜನಿಕ ಸಂಗ್ರಹವಿದೆ. ಬ್ರೌಸರುಗಳನ್ನು ತಯಾರಿಸುವ ಕಂಪನಿಗಳೇ ಅದಕ್ಕೆ ಪರೀಕ್ಷೆಗಳನ್ನು ಬರೆದು ಸೇರಿಸುತ್ತವೆ, ಹೊರಗಿನವರೂ ಸೇರಿಸಬಹುದು. 2022ರಿಂದ ಆ ಕಂಪನಿಗಳು ಪ್ರತಿವರ್ಷ ಒಟ್ಟಾಗಿ ಕುಳಿತು, ತಮ್ಮ ಬ್ರೌಸರುಗಳು ಪರಸ್ಪರ ಹೊಂದದ ಕೆಲವು ವಿಷಯಗಳನ್ನು ಆರಿಸಿಕೊಂಡು ತಿದ್ದುತ್ತಿವೆ. ಯಾವ ವಿಷಯವನ್ನು ಮೊದಲು ಎತ್ತಿಕೊಳ್ಳಬೇಕೆಂಬ ಸಲಹೆಯನ್ನು ಜಾಲಪುಟ ರಚನೆಗಾರರೂ ಕಳುಹಿಸಬಹುದು. ಯಾವ ಬ್ರೌಸರು ಎಷ್ಟು ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ, ಎಷ್ಟರಲ್ಲಿ ಸೋತಿದೆ ಎಂಬ ಅಂಕಪಟ್ಟಿ ಎಲ್ಲರ ಕಣ್ಣಿಗೂ ಕಾಣುವಂತೆ ತೆರೆದಿರುತ್ತದೆ.